ಸುತ್ತಿಗೆ ಏಟಿನ ಬೆಳ್ಳಿ ನಾಣ್ಯ: ಮೊದಲನೆಯದು ಯಾವುದು ಕೊಳ್ಳಬೇಕು?

ನಾಣ್ಯ ಪ್ರದರ್ಶನಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ. "ಹಳೇ ಕಾಲದ ಬೆಳ್ಳಿ ನಾಣ್ಯ ಒಂದೇ ಒಂದು ಕೊಳ್ಳಬೇಕು ಅಂತಿದ್ದೀನಿ. ಯಾವುದು ತಗೊಳ್ಳಲಿ?" ಕೇಳುವವರ ಮುಂದೆ ದೆಹಲಿ ಸುಲ್ತಾನ ಖಿಲ್ಜಿಯ ಟಂಕ ಅನ್ನುವ ದೊಡ್ಡ ಬೆಳ್ಳಿ ನಾಣ್ಯ ಇರುತ್ತದೆ, ಕಲಬುರಗಿಯ ಬಹಮನಿ ಸುಲ್ತಾನರ ಟಂಕ ಇರುತ್ತದೆ, ಪಕ್ಕದಲ್ಲಿ ಚುಕ್ಕಿ ಗೆರೆಗಳ ಪುಟ್ಟ ಗಧೈಯಾ ನಾಣ್ಯ ಇರುತ್ತದೆ. ಎಲ್ಲವೂ ಬೆಳ್ಳಿ. ಎಲ್ಲವೂ ಯಂತ್ರ ಬರುವ ಮೊದಲಿನವು. ಆದರೆ ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತದೆ.

ಮೊದಲು ಇವು ಹೇಗೆ ತಯಾರಾದವು ಅಂತ ತಿಳಿದುಕೊಳ್ಳಿ. ಆಯ್ಕೆಯ ಅರ್ಧ ಗುಟ್ಟು ಅಲ್ಲೇ ಇದೆ. ಟಂಕಸಾಲೆಯಲ್ಲಿ ಕೆಳಗಿನ ಅಚ್ಚನ್ನು ಅಲ್ಲಾಡದ ಹಾಗೆ ನೆಟ್ಟಿರುತ್ತಿದ್ದರು. ಅದರ ಮೇಲೆ ತೂಕ ಮಾಡಿದ ಬೆಳ್ಳಿಯ ಬಿಲ್ಲೆ ಇಟ್ಟು, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು ಹಿಡಿದು, ಸುತ್ತಿಗೆಯಿಂದ ಬಲವಾಗಿ ಹೊಡೆಯುತ್ತಿದ್ದರು. ಅಷ್ಟೇ. ನಮ್ಮ ಕಡೆಯ ಬಹಳಷ್ಟು ನಾಣ್ಯಗಳಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಅಚ್ಚಿನ ಮೇಲೆ ಕೊರೆದದ್ದೆಲ್ಲ ನಾಣ್ಯಕ್ಕೆ ಬರುವುದೇ ಇಲ್ಲ. ಏಟು ಸ್ವಲ್ಪ ಆಚೀಚೆ ಬಿದ್ದರೆ ಒಂದು ಕಡೆಯ ಅಕ್ಷರ ಪೂರ್ತಿ ಹೋಗುತ್ತದೆ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳೂ ಒಂದರಂತೆ ಒಂದು ಇರುವುದಿಲ್ಲ.

ಆಯ್ಕೆಗೆ ಮುಂಚೆ ಐದು ಮಾತು ಕೇಳಿಕೊಳ್ಳಬೇಕು. ಬಿಲ್ಲೆಯ ಮೇಲೆ ಎಷ್ಟು ಬಿದ್ದಿದೆ? ರಾಜನ ಹೆಸರು, ಊರಿನ ಹೆಸರು, ಇಸವಿ ಇವುಗಳಲ್ಲಿ ಯಾವುದು ಉಳಿದಿದೆ? ಸವೆದ ನಾಣ್ಯವನ್ನು ಕ್ಷಮಿಸಬಹುದು, ಅಚ್ಚೇ ಬೀಳದ ನಾಣ್ಯದಿಂದ ಓದಲು ಏನೂ ಸಿಗುವುದಿಲ್ಲ. ಎರಡನೆಯದು, ನಿಮಗೆ ಚಿತ್ರ ಬೇಕೋ ಬರಹ ಬೇಕೋ? ಸುಲ್ತಾನರ ಟಂಕಗಳಲ್ಲಿ ಸಾಮಾನ್ಯವಾಗಿ ಇರುವುದು ಅರಬ್ಬಿ ಅಕ್ಷರ ಮಾತ್ರ. ಪ್ರಾಣಿಯೋ ಮುಖವೋ ಬೇಕು ಅನ್ನುವವರಿಗೆ ಬೇರೆ ದಾರಿ. ಮೂರನೆಯದು ಬೆಳ್ಳಿ ಎಷ್ಟು ಶುದ್ಧ ಅನ್ನುವುದು. ನಾಲ್ಕನೆಯದು ನಕಲಿಯ ಭಯ. ಕೊನೆಯದು ನಿಮಗೂ ಆ ನಾಣ್ಯಕ್ಕೂ ಇರುವ ನಂಟು. ಇದನ್ನು ಕೊನೆಗೆ ಹೇಳಿದರೂ ನನ್ನ ಮಟ್ಟಿಗೆ ಇದಕ್ಕೇ ಜಾಸ್ತಿ ತೂಕ. ನಂಟಿಲ್ಲದ ನಾಣ್ಯವನ್ನು ನೀವು ಮತ್ತೆ ಮತ್ತೆ ಹೊರಗೆ ತೆಗೆದು ನೋಡುವುದಿಲ್ಲ.

ಬೆಲೆಯ ಬಗ್ಗೆ ಒಂದು ಮಾತು. ಬೆಳ್ಳಿ ದರ ಏರಿದ ಹಾಗೆ ಇವುಗಳ ಬೆಲೆಯೂ ಏರುತ್ತದೆ. ಆದ್ದರಿಂದ ರೂಪಾಯಿಯ ಅಂಕಿ ಬರೆಯುವುದಕ್ಕಿಂತ ಒಂದು ಲೆಕ್ಕ ಹೇಳಿಕೊಡುತ್ತೇನೆ. ನಾಣ್ಯದ ತೂಕವನ್ನು ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿ. ಕೇಳುತ್ತಿರುವ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಸಂತೋಷ ಪಡಬೇಡಿ, ಅನುಮಾನ ಪಡಿ. ಬೆಳ್ಳಿಯ ಬೆಲೆಗಿಂತ ಕಮ್ಮಿಗೆ ಯಾರೂ ನಿಜವಾದ ಟಂಕ ಕೊಡುವುದಿಲ್ಲ, ಅಲ್ವಾ?

ಗಧೈಯಾ: ಕಡಿಮೆ ದುಡ್ಡಿಗೆ

ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಗಧೈಯಾ ಪೈಸೆ. ಗುಜರಾತ್, ರಾಜಸ್ಥಾನ, ಮಾಳವದ ಕಡೆ ನಡೆಯುತ್ತಿದ್ದ ನಾಣ್ಯ. ತೂಕ ಸುಮಾರು 4 ಗ್ರಾಂ. ಅಗಲ ಕಡಿಮೆ, ದಪ್ಪ ಜಾಸ್ತಿ, ಬೆಲ್ಲದ ಚೂರಿನ ಹಾಗೆ ಗಟ್ಟಿ.

ಇದರ ಚಿತ್ರದ ಕತೆ ನನಗೆ ಬಹಳ ಇಷ್ಟ. ಮೂಲ ಇರಾನಿನ ಸಾಸಾನಿ ರಾಜ ಪೆರೋಜನ ಬೆಳ್ಳಿ ನಾಣ್ಯ. ಅವನು ಹೂಣರ ಜೊತೆ ಕಾದಾಡಿ 484ರಲ್ಲಿ ಸತ್ತ. ಅವನ ನಾಣ್ಯಗಳು ರಾಶಿ ರಾಶಿಯಾಗಿ ಹೂಣರ ಕೈ ಸೇರಿದ್ದವು. ಹೂಣರು ಅದನ್ನೇ ನೋಡಿಕೊಂಡು ಅಚ್ಚು ಹಾಕಿದರು. ಆಮೇಲೆ ನಮ್ಮ ಪಶ್ಚಿಮ ಭಾರತದವರು ಆ ನಕಲಿನ ನಕಲು ಮಾಡಿದರು. ಹೀಗೆ ನೂರಾರು ವರ್ಷ ನಡೆಯಿತು. ಒಂದು ಬದಿಯ ರಾಜನ ಮುಖ ನಿಧಾನವಾಗಿ ಮೂಗು, ಕಣ್ಣು, ಕಿವಿಯೋಲೆ ಎಲ್ಲ ಚುಕ್ಕಿ ಗೆರೆಗಳಾಗಿ ಬದಲಾಯಿತು. ಇನ್ನೊಂದು ಬದಿಯಲ್ಲಿ ಅಗ್ನಿವೇದಿ, ಅದರ ಆಚೀಚೆ ಇಬ್ಬರು ಕಾವಲುಗಾರರು ಇದ್ದರು. ಕೊನೆ ಕೊನೆಗೆ ವೇದಿ ಅಂದರೆ ಒಂದಷ್ಟು ಅಡ್ಡಗೆರೆ, ಕಾವಲುಗಾರರು ಅಂದರೆ ಚುಕ್ಕಿಗಳ ಸಾಲು. ರಂಗೋಲಿಯ ಹಾಗೆ ಕಾಣುತ್ತದೆ. ಸೂರ್ಯ ಚಂದ್ರ ಇನ್ನೂ ಗುರುತು ಸಿಗುತ್ತವೆ.

ಇದರ ತೊಂದರೆ ಏನೆಂದರೆ, ಬರಹ ಇಲ್ಲ. ಯಾವ ರಾಜ, ಯಾವ ವರ್ಷ ಅಂತ ಹೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಈಚಿನವುಗಳಲ್ಲಿ ಬೆಳ್ಳಿ ಕಡಿಮೆ, ತಾಮ್ರ ಜಾಸ್ತಿ. ಹಸಿರು ಕಿಲುಬು ಕಂಡರೆ ಅದು ತಾಮ್ರದ ಲಕ್ಷಣ. ಶಾಲೆಗೆ ಹೋಗುವ ಮಕ್ಕಳಿಗೆ ಕೊಡಲು, ಅಥವಾ ಕೈ ಪಳಗಿಸಿಕೊಳ್ಳಲು ಇದೇ ಒಳ್ಳೆಯದು. ಹಳೆಯ, ಮುಖ ಇನ್ನೂ ಮುಖದ ಹಾಗೆ ಕಾಣುವ ಒಂದು, ಮತ್ತು ಪೂರ್ತಿ ಚುಕ್ಕಿಯಾದ ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಟ್ಟರೆ ನೋಡುತ್ತಾ ಕೂರಬಹುದು. ಒಂದು ಟಂಕದ ಬೆಲೆಗೆ ಇಂಥ ಜೋಡಿ ಬಂದು ಇನ್ನೂ ದುಡ್ಡು ಉಳಿಯುತ್ತದೆ.

ಗೂಳಿ ಮತ್ತು ಸವಾರ: ಚಿತ್ರ ಬೇಕು ಅನ್ನುವವರಿಗೆ

ಚಿತ್ರವೂ ಬೇಕು, ಓದುವಂಥ ಅಕ್ಷರವೂ ಬೇಕು ಅನ್ನುವವರು ಕಾಬೂಲ್ ಮತ್ತು ಸಿಂಧೂ ತೀರದ ಹಿಂದೂ ಶಾಹಿ ರಾಜರ ನಾಣ್ಯ ನೋಡಬೇಕು. 9, 10ನೇ ಶತಮಾನದ್ದು. ಒಂದು ಬದಿ ಮಲಗಿದ ಗೂಳಿ, ಅದರ ಸೊಂಟದ ಮೇಲೆ ತ್ರಿಶೂಲದ ಮುದ್ರೆ. ಇನ್ನೊಂದು ಬದಿ ಈಟಿ ಹಿಡಿದ ಕುದುರೆ ಸವಾರ. ತೂಕ 3 ಗ್ರಾಂಗಿಂತ ಸ್ವಲ್ಪ ಹೆಚ್ಚು.

ಗೂಳಿಯ ಮೇಲ್ಗಡೆ ಶಾರದಾ ಲಿಪಿಯಲ್ಲಿ "ಶ್ರೀ ಸ್ಪಲಪತಿ ದೇವ" ಅಥವಾ "ಶ್ರೀ ಸಾಮಂತ ದೇವ" ಅಂತ ಇರುತ್ತದೆ. ಶಾರದೆಯೂ ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯ ಮಕ್ಕಳೇ. ಒಂದು ಸಲ ಅಕ್ಷರ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಒಂದು ಸಂಜೆಯಲ್ಲಿ ಓದಲು ಬರುತ್ತದೆ. ಸಾವಿರ ವರ್ಷದ ಹಿಂದೆ ಕಾಬೂಲಿನ ಕಡೆ ಬರೆದ "ಶ್ರೀ"ಯನ್ನು ನಾವೇ ಗುರುತು ಹಿಡಿಯುವುದು ಸಣ್ಣ ಸಂತೋಷವಲ್ಲ.

ಸ್ಪಲಪತಿಯ ಹೆಸರಿನವು ಸಾಮಾನ್ಯವಾಗಿ ಒಳ್ಳೆಯ ಬೆಳ್ಳಿ. ಸಾಮಂತನ ಹೆಸರಿನಲ್ಲಿ ಮಾತ್ರ ಎಚ್ಚರ ಬೇಕು. ಆ ಹೆಸರನ್ನು ಮುಂದಿನವರೂ ಬಹಳ ಕಾಲ ಬಳಸಿದರು. ಈಚಿನವು ತಾಮ್ರ ಬೆರೆತವು, ಗೂಳಿಯೂ ಒರಟು. ಇದೇ ಚಿತ್ರ ಮುಂದೆ ಪೃಥ್ವಿರಾಜ ಚೌಹಾಣನವರೆಗೂ ನಡೆಯಿತು, ಆದರೆ ಅವನ ನಾಣ್ಯ ಶುದ್ಧ ಬೆಳ್ಳಿಯದಲ್ಲ. ಬೆಲೆಯಲ್ಲಿ ಇದು ಗಧೈಯಾಕ್ಕಿಂತ ಮೇಲೆ.

ದೆಹಲಿಯೋ ಕಲಬುರಗಿಯೋ?

ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎರಡೂ ಟಂಕ, ಎರಡೂ ಸುಮಾರು 11 ಗ್ರಾಂ, ಎರಡೂ ಒಳ್ಳೆಯ ಬೆಳ್ಳಿ. ಮನೆಯಲ್ಲಿ ಅಜ್ಜಿಯ ವಿಕ್ಟೋರಿಯಾ ರಾಣಿ ರೂಪಾಯಿ ಇದ್ದರೆ ಕೈಯಲ್ಲಿ ಹಿಡಿದು ನೋಡಿ. ಅದು 11.66 ಗ್ರಾಂ. ಟಂಕ ಹೆಚ್ಚುಕಮ್ಮಿ ಅಷ್ಟೇ ಭಾರ, ಆದರೆ ಅಗಲ ಕಡಿಮೆ, ದಪ್ಪ ಜಾಸ್ತಿ. ಅಂದ ಹಾಗೆ, ನಾವು ಇವತ್ತಿಗೂ ಟಂಕಸಾಲೆ ಅನ್ನುತ್ತೇವಲ್ಲ, ಆ ಟಂಕವೇ ಇದು. ಘಜ್ನಿಯ ಮಹಮೂದ ಕೂಡ ಲಾಹೋರಿನಲ್ಲಿ ಹಾಕಿಸಿದ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಸಂಸ್ಕೃತ ಬರೆಸಿ, ಅದನ್ನು ಟಂಕ ಅಂತಲೇ ಕರೆದಿದ್ದಾನೆ. ದೊಡ್ಡ ಬೆಳ್ಳಿ ಟಂಕವನ್ನು ದೆಹಲಿಯಲ್ಲಿ ನೆಲೆಗೊಳಿಸಿದವನು ಇಲ್ತುಮಿಶ್ (1211–1236).

ದೆಹಲಿ ಟಂಕಗಳಲ್ಲಿ ಹೊಸಬರಿಗೆ ನಾನು ಹೇಳುವುದು ಅಲಾವುದ್ದೀನ್ ಖಿಲ್ಜಿಯದು (1296–1316). ಇದು ಸುಲಭವಾಗಿ ಸಿಗುತ್ತದೆ, ಹಾಗಾಗಿ ಹತ್ತು ನೋಡಿ ಒಂದು ಆರಿಸಬಹುದು. ಬರಹವೂ ದಿಟ್ಟ. ಅರಬ್ಬಿಯ ಉದ್ದ ಗೆರೆಗಳು ಬೇಲಿಯ ಗೂಟದ ಹಾಗೆ ಒತ್ತೊತ್ತಾಗಿ ಎದ್ದು ನಿಂತಿರುತ್ತವೆ. ಒಂದು ಬದಿ ಸುಲ್ತಾನನ ಬಿರುದು ಮತ್ತು ಮುಹಮ್ಮದ್ ಶಾ ಅನ್ನುವ ಅವನ ಹೆಸರು. ಇನ್ನೊಂದು ಬದಿ ವೃತ್ತದೊಳಗೆ "ಸಿಕಂದರ್ ಅಸ್ಸಾನಿ", ಅಂದರೆ ಎರಡನೆಯ ಅಲೆಕ್ಸಾಂಡರ್. ತನ್ನನ್ನು ತಾನು ಹಾಗೆ ಕರೆದುಕೊಂಡ. ವೃತ್ತದ ಸುತ್ತ ಅಂಚಿನಲ್ಲಿ ಈ ಬೆಳ್ಳಿಯನ್ನು ಯಾವ ಊರಿನಲ್ಲಿ, ಯಾವ ವರ್ಷ ಅಚ್ಚೊತ್ತಿದರು ಅನ್ನುವ ವಾಕ್ಯ. ವರ್ಷ ಅಂಕಿಯಲ್ಲಿ ಇಲ್ಲ, ಅಕ್ಷರದಲ್ಲಿದೆ.

ಆ ಅಂಚಿನ ವಾಕ್ಯಕ್ಕೇ ನೀವು ಜಾಸ್ತಿ ದುಡ್ಡು ಕೊಡಬೇಕಾಗಿ ಬರುವುದು. ಹೆಚ್ಚಿನವುಗಳಲ್ಲಿ ಅರ್ಧ ವಾಕ್ಯ ಬಿಲ್ಲೆಯ ಆಚೆ ಹೋಗಿರುತ್ತದೆ. ಇಸವಿ ಪೂರ್ತಿ ಓದಲು ಬರುವಂಥದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ದೇವಗಿರಿ ಟಂಕಸಾಲೆಯ ಹೆಸರಿರುವುದು ಅಪರೂಪ, ಬೆಲೆಯೂ ಬೇರೆ ಮಟ್ಟದ್ದು. ಮೊದಲ ನಾಣ್ಯಕ್ಕೆ ಅದರ ಹಿಂದೆ ಹೋಗಬೇಡಿ.

ಇನ್ನು ಬಹಮನಿ. 1347ರಲ್ಲಿ ಕಲಬುರಗಿಯಲ್ಲಿ ಶುರುವಾದ ರಾಜ್ಯ. ನಾಣ್ಯದ ಮೇಲೆ ಕಲಬುರಗಿ ಅಂತ ಹುಡುಕಬೇಡಿ, ಸುಲ್ತಾನರು ಊರಿಗೆ ಇಟ್ಟ ಹೆಸರು ಅಹಸನಾಬಾದ್. ಅಹಮದ್ ಶಾ (1422–1436) ರಾಜಧಾನಿಯನ್ನು ಬೀದರಿಗೆ ಸಾಗಿಸಿದ ಮೇಲೆ ಬರುವ ಹೆಸರು ಮುಹಮ್ಮದಾಬಾದ್. ಇವುಗಳಲ್ಲೂ ಚಿತ್ರ ಇಲ್ಲ, ಬರಹವೇ. ಆದರೆ ಅಕ್ಷರದ ಬಳಕು ದೆಹಲಿಯದಕ್ಕಿಂತ ನಯ. ಫಿರೋಜ್ ಶಾನ (1397–1422) ಟಂಕಗಳಲ್ಲಿ ಸಾಲುಗಳು ಒಂದರ ಮೇಲೊಂದು ಹೆಣೆದ ಹಾಗೆ ಕಾಣುತ್ತವೆ. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರದ ದೇವರಾಯ ಯುದ್ಧಕ್ಕೆ ಹೊರಟ ಕತೆ ಕೇಳಿದ್ದೀರಲ್ಲ, ಆ ಕತೆಯ ಆಚೆ ಕಡೆಯ ಸುಲ್ತಾನ ಇವನೇ.

ಬಹಮನಿ ನಾಣ್ಯಕ್ಕೂ ನಮ್ಮ ಪೇಟೆಗೂ ಒಂದು ಕಹಿ ನೆನಪಿದೆ. ಚರಿತ್ರೆ ಬರೆದ ಫೆರಿಷ್ತಾ ಹೇಳುವ ಪ್ರಕಾರ, ವಿಜಯನಗರ ಮತ್ತು ವಾರಂಗಲ್ಲಿನ ರಾಜರ ಮಾತು ಕೇಳಿ ಚಿನಿವಾರರು, ಅಂದರೆ ನಾಣ್ಯ ಪರೀಕ್ಷಿಸಿ ಬದಲಿಸಿಕೊಡುವ ವ್ಯಾಪಾರಿಗಳು, ಬಹಮನಿ ನಾಣ್ಯಗಳನ್ನು ಸಿಕ್ಕ ಸಿಕ್ಕಲ್ಲಿ ಕರಗಿಸಿಬಿಡುತ್ತಿದ್ದರು. ಪೇಟೆಯಲ್ಲಿ ಆ ರಾಜರ ಚಿನ್ನದ ನಾಣ್ಯಗಳಾದ ಹೊನ್ನು, ಹಣವೇ ನಡೆಯಲಿ ಅಂತ. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಶಾ ಎಚ್ಚರಿಕೆ ಕೊಟ್ಟ. ಕೇಳದಿದ್ದಾಗ ಅವರನ್ನು ಕೊಲ್ಲಿಸಿದ. ಒಂದು ಬೆಳ್ಳಿ ಬಿಲ್ಲೆಯ ಹಿಂದೆ ಇಷ್ಟು ಜಗಳ ಇತ್ತು. ಹಾಗೆ ಕರಗದೆ ಉಳಿದ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡಾಗ ಬೇರೆಯೇ ಭಾವನೆ ಬರುತ್ತದೆ.

ಹೋಲಿಸಿ ಹೇಳುವುದಾದರೆ, ಬಹಮನಿ ಬೆಳ್ಳಿ ಟಂಕ ಖಿಲ್ಜಿಯದಷ್ಟು ಸುಲಭವಾಗಿ ಸಿಗುವುದಿಲ್ಲ. ಬೆಲೆ ಸಾಮಾನ್ಯವಾಗಿ ಹೆಚ್ಚು. ಆರಿಸಲು ಹತ್ತು ಇರುವುದಿಲ್ಲ, ಎರಡು ಮೂರು ಇರುತ್ತವೆ. ಊರಿನ ಹೆಸರು ಎಷ್ಟೋ ಸಲ ಬಿಲ್ಲೆಯ ಮೇಲೆ ಬಿದ್ದಿರುವುದಿಲ್ಲ. ಕಲಬುರಗಿ ಅನ್ನುವ ಕಾರಣಕ್ಕೇ ಕೊಳ್ಳುವವರು ಅಹಸನಾಬಾದ್ ಅನ್ನುವ ಪದದ ಒಂದು ತುಂಡಾದರೂ ಕಾಣುವಂಥದ್ದಕ್ಕೆ ಕಾಯಬೇಕು. ನನ್ನ ಮಾತು ಇಷ್ಟು: ಒಂದೇ ನಾಣ್ಯ ಕೊಂಡು ನಿಲ್ಲಿಸುವವರು, ಅದೂ ಕಲಬುರಗಿ, ಬೀದರ್, ರಾಯಚೂರಿನ ಕಡೆಯವರು, ಕಾದು ಬಹಮನಿಯನ್ನೇ ಕೊಳ್ಳಿ. ಮುಂದೆ ಇನ್ನೂ ಕೊಳ್ಳುವ ಆಸೆ ಇರುವವರು ಖಿಲ್ಜಿಯಿಂದ ಶುರು ಮಾಡಿ. ಅದರಲ್ಲಿ ಕಣ್ಣು ಪಳಗಿದರೆ ಬಹಮನಿ ಕೊಳ್ಳುವಾಗ ಮೋಸ ಹೋಗುವುದಿಲ್ಲ.

ಅಷ್ಟು ದುಡ್ಡಿಲ್ಲ, ಆದರೆ ಬಹಮನಿಯೇ ಬೇಕು ಅಂದರೆ ಅವರ ತಾಮ್ರದ ನಾಣ್ಯಗಳು ಬಹಳ ಸಿಗುತ್ತವೆ. ಅದೇ ಸುಲ್ತಾನರ ಹೆಸರು, ಬೆಲೆ ತೀರಾ ಕಡಿಮೆ. ಬೆಳ್ಳಿಯೇ ಆಗಬೇಕೆಂಬ ಹಟ ಬಿಟ್ಟರೆ ಸಾಕು.

"ವಿಜಯನಗರದ ಬೆಳ್ಳಿ ಇಲ್ವಾ?" ಅಂತ ಕೇಳುತ್ತಾರೆ. ಇತ್ತು. 1443ರಲ್ಲಿ ಹಂಪಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಹಣ ಅನ್ನುವ ಚಿನ್ನದ ನಾಣ್ಯದ ಆರನೇ ಒಂದು ಪಾಲಿನ ಬೆಳ್ಳಿ ನಾಣ್ಯಕ್ಕೆ ತಾರ ಅನ್ನುತ್ತಾರೆ ಅಂತ ಬರೆದಿದ್ದಾನೆ. ಆದರೆ ತಾರ ಬಹಳ ಪುಟ್ಟದು, ಅಪರೂಪದ್ದು. ವಿಜಯನಗರ ಚಿನ್ನದ ವರಾಹದ ರಾಜ್ಯ. ಹೊಸಬರು ತಾರಕ್ಕೆ ಕೈ ಹಾಕುವುದು ಬೇಡ.

ಲಾರಿ: ಬಾಗಿದ ಬೆಳ್ಳಿ ತಂತಿ

ಲಾರಿ ಅನ್ನುವ ಈ ನಾಣ್ಯ ಮಧ್ಯಯುಗ ದಾಟಿದ್ದು, 17ನೇ ಶತಮಾನದ್ದು. ಆದರೂ ಸುತ್ತಿಗೆ ಏಟಿನದೇ. ವಿಜಯಪುರದ ಎರಡನೆಯ ಅಲಿ ಆದಿಲ್ ಶಾ (1656–1672) ಹಾಕಿಸಿದ್ದು. ಬೆಳ್ಳಿ ತಂತಿಯನ್ನು ಹೇರ್‌ಪಿನ್ನಿನ ಹಾಗೆ ಎರಡಾಗಿ ಮಡಿಸಿ, ಎರಡೂ ಬದಿ ಅಚ್ಚು ಹೊಡೆದಿದ್ದಾರೆ. ತೂಕ 5 ಗ್ರಾಂಗೆ ಸ್ವಲ್ಪ ಕಮ್ಮಿ. ಇರಾನಿನ ಲಾರ್ ಊರಿನಿಂದ ಈ ಹೆಸರು ಬಂತು. ಪರ್ಷಿಯಾ ಕೊಲ್ಲಿಯಿಂದ ನಮ್ಮ ಪಶ್ಚಿಮ ಕರಾವಳಿ, ಮಾಲ್ಡೀವ್ಸ್, ಸಿಂಹಳದವರೆಗೂ ವ್ಯಾಪಾರಿಗಳು ಇದನ್ನು ಒಪ್ಪುತ್ತಿದ್ದರು. ಸಿಂಹಳದಲ್ಲಿ ಇದನ್ನು ಮೀನಿನ ಗಾಳದ ಹಾಗೆ ಬಾಗಿಸುತ್ತಿದ್ದರು.

ತಂತಿ ಕಿರಿದು, ಆದ್ದರಿಂದ ಅಕ್ಷರ ಅಲ್ಲೊಂದು ಇಲ್ಲೊಂದು ಮಾತ್ರ ಬೀಳುತ್ತದೆ. ಓದುವ ಆಸೆ ಇರುವವರಿಗೆ ಬೇಸರವಾಗಬಹುದು. ಆದರೆ ನೋಡಿದವರೆಲ್ಲ "ಇದೂ ನಾಣ್ಯವಾ?" ಅಂತ ಕೇಳುವಂಥದ್ದು ಇದೊಂದೇ. ಗೋಳಗುಮ್ಮಟದ ಊರಿನ ನಂಟೂ ಸಿಗುತ್ತದೆ, ಬೆಲೆಯೂ ಟಂಕಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಶೇರ್ ಶಾ ಸೂರಿಯ (1540–1545) ರೂಪಾಯಿ ಬಗ್ಗೆ ಎರಡೇ ಮಾತು. ಸುಮಾರು 11.4 ಗ್ರಾಂ, ಅಗಲ, ಅಂದವಾದ ಚೌಕದ ಚೌಕಟ್ಟು. ಇವತ್ತಿನ ರೂಪಾಯಿಯ ಅಜ್ಜ ಇದು. ರೂಪಾಯಿಯ ಚರಿತ್ರೆಯೇ ಮುಖ್ಯ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಜಹಾಂಗೀರನ ರಾಶಿಚಕ್ರದ ನಾಣ್ಯ ಅಂತ ಯಾರಾದರೂ ಕಡಿಮೆ ಬೆಲೆಗೆ ತೋರಿಸಿದರೆ ಸುಮ್ನೆ ಮುಂದೆ ನಡೆಯಿರಿ. ಅದರ ನಕಲಿಗೆ ಲೆಕ್ಕವಿಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ

ಭಾರತದಿಂದ ನೂರು ವರ್ಷ ದಾಟಿದ ನಾಣ್ಯವನ್ನು ಹೊರಗೆ ಒಯ್ಯುವ ಹಾಗಿಲ್ಲ. 1972ರ ಪುರಾತನ ವಸ್ತು ಕಾಯ್ದೆ ಅದನ್ನು ತಡೆಯುತ್ತದೆ. ಊರಿಗೆ ಬಂದಾಗ ಕೊಂಡು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ಅಲ್ಲೇ ಸಿಗುವ ಒಂದನೆಯ ಎಡ್ವರ್ಡ್ ರಾಜನ ಬೆಳ್ಳಿ ಪೆನ್ನಿ ನೋಡಿ. 1279ರಲ್ಲಿ ಬಂದ ವಿನ್ಯಾಸ. ಒಂದು ಬದಿ ನೇರ ನೋಡುವ ಕಿರೀಟದ ಮುಖ, ಇನ್ನೊಂದು ಬದಿ ಅಂಚಿನಿಂದ ಅಂಚಿಗೆ ಚಾಚಿದ ಶಿಲುಬೆ, ಅದರ ನಾಲ್ಕು ಮೂಲೆಯಲ್ಲಿ ಮೂರು ಮೂರು ಚುಕ್ಕಿ, ಸುತ್ತ ಟಂಕಸಾಲೆಯ ಊರಿನ ಹೆಸರು. ಶಿಲುಬೆ ಅಂಚು ಮುಟ್ಟುವುದಕ್ಕೆ ಕಾರಣವಿದೆ. ಜನ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಉದ್ದ ಶಿಲುಬೆಯ ತುದಿ ಕಾಣದಿದ್ದರೆ ಕಳ್ಳತನ ಗೊತ್ತಾಗಲಿ ಅಂತ 1247ರಲ್ಲಿ, ಅವನ ತಂದೆಯ ಕಾಲದಲ್ಲೇ, ಹೀಗೆ ಮಾಡಿದರು. ತೂಕ 1.4 ಗ್ರಾಂ ಅಷ್ಟೇ. ನಮ್ಮ ಟಂಕ ಹಿಡಿದ ಕೈಗೆ ಎಲೆಯಷ್ಟು ಹಗುರ. ಆದರೆ ಲ್ಯಾಟಿನ್ ಅಕ್ಷರ, ಊರಿನ ಹೆಸರು ನೇರವಾಗಿ ಓದಬಹುದು. ಲಂಡನ್ನಿನದು ಬಹಳ ಸಿಗುತ್ತದೆ. ನೀವಿರುವ ಊರಿನಲ್ಲಿ ಆಗ ಟಂಕಸಾಲೆ ಇತ್ತೇ ನೋಡಿ, ಇದ್ದರೆ ಅದನ್ನೇ ಹುಡುಕಿ.

ದುಡ್ಡು ಕೊಡುವ ಮುಂಚೆ

ನಾನು ಕೊಂಡ ಮೊದಲ ಟಂಕ ನಕಲಿ. ಎರಕ ಹೊಯ್ದದ್ದು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದಾಗ ಮೈ ತುಂಬ ಸೂಜಿ ಮೊನೆಯಷ್ಟು ಗುಳ್ಳೆ, ಅಕ್ಷರದ ಅಂಚು ಸೋಪಿನ ಹಾಗೆ ನುಣುಪು. ಆ ದಿನದ ನೋವು ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಏಟು ತಿಂದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಬಿಲ್ಲೆಯ ಅಂಚಿನಲ್ಲಿ ಸಣ್ಣ ಬಿರುಕು ಇರಬಹುದು. ಬಿರುಕು ದೋಷವಲ್ಲ, ಸುತ್ತಿಗೆಯ ಗುರುತು. ಚಿನಿವಾರರು ಬೆಳ್ಳಿ ಪರೀಕ್ಷಿಸಲು ಹಾಕಿದ ಸಣ್ಣ ಮುದ್ರೆ, ಕಚ್ಚುಗಳೂ ಹಾಗೆಯೇ. ಅವು ರಾಜನ ಹೆಸರನ್ನು ಕೆಡಿಸದಿದ್ದರೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬೆಲೆ ಇಳಿಸಿದರೆ ಖುಷಿಯಿಂದ ಕೊಳ್ಳುತ್ತೇನೆ. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದು ಆಮೇಲೆ ಕಿತ್ತ ಗುರುತಿದ್ದರೆ ಮಾತ್ರ ಬೇಡ.

ಟಂಕದಂಥ ದೊಡ್ಡ ನಾಣ್ಯಕ್ಕೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಗ್ರಾಂನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರೊಳಗೆ ತೂಗಾಡಿಸಿ. 11 ಗ್ರಾಂನ ಒಳ್ಳೆಯ ಬೆಳ್ಳಿಗೆ ತಕ್ಕಡಿ 1.05ರಿಂದ 1.08ರವರೆಗೆ ತೋರಿಸಬೇಕು. 1.2 ದಾಟಿದರೆ ಅದು ತಾಮ್ರವೋ ಜರ್ಮನ್ ಸಿಲ್ವರೋ ಆಗಿರುತ್ತದೆ. 1ಕ್ಕಿಂತ ಕೆಳಗೆ ಬಂದರೆ ಒಳಗೆ ಸೀಸ ಇರಬಹುದು. ಪೆನ್ನಿಯಂಥ ಹಗುರ ನಾಣ್ಯಕ್ಕೆ ಈ ಲೆಕ್ಕ ನೆಚ್ಚಬೇಡಿ. ನಿಜವಾದ ಬೆಳ್ಳಿಯಲ್ಲೇ ನಕಲಿ ಅಚ್ಚು ಹಾಕುವವರೂ ಇದ್ದಾರೆ, ಹಾಗಾಗಿ ಭೂತಗನ್ನಡಿ ಬಿಡಬೇಡಿ.

"ನಮ್ಮ ಹೊಲದಲ್ಲಿ ಸಿಕ್ಕಿದ್ದು ಸಾರ್" ಅಂತ ತಂದುಕೊಟ್ಟರೆ ಕೊಳ್ಳಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಿಧಿ ಕಾಯ್ದೆ ಹೇಳುತ್ತದೆ. ರಸೀದಿ ಕೊಡುವ, ಪರವಾನಗಿ ಇರುವ ವ್ಯಾಪಾರಿಯ ಹತ್ತಿರವೇ ಹೋಗಿ. ಕೊಳ್ಳುವ ಮೊದಲು ನಿಜವಾದವನ್ನು ಕಣ್ಣಾರೆ ನೋಡಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಮಾಡಿರುವ ನಾಣ್ಯ ಸಂಗ್ರಹಾಲಯವೂ ಇದೆ.

ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ಸಾಮಾನಿನ ಹಾಗೆ ಹೊಳೆಯಬೇಕು ಅಂತ ಮನೆಯವರು ಒತ್ತಾಯ ಮಾಡಬಹುದು. ಕಪ್ಪು ಬಣ್ಣ ಹಾಗೇ ಇರಲಿ, ಅಕ್ಷರ ಎದ್ದು ಕಾಣುವುದೇ ಅದರಿಂದ. ಸಂಜೆ ಹೊತ್ತು ಕಿಟಕಿಯ ಬಳಿ ಕೂತು, ಬೆಳಕು ಪಕ್ಕದಿಂದ ಬೀಳುವ ಹಾಗೆ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಹಗಲು ಕಾಣದೇ ಇದ್ದ ಅಂಚಿನ ಅಕ್ಷರ ಒಂದೆರಡು ಆಗ ಕಾಣುತ್ತವೆ.